ಉಸ್ತಾದರು ಮತ್ತೆ ರಂಗರೂಟ್ ಆದದ್ದು

"ಮೇಡಂ, ನನಗೆ ಮರೆವಿನ ಕಾಯಿಲೆ ಶುರುವಾಗಿದೆಯಾ? ಅದೊಂದು ನೋಡಿ ಹೇಳಿಬಿಡಿ, ಸಾಕು."

ಮಾರ್ಚ್ ತಿಂಗಳ ಕೊನೆಯ ವಾರ. ಆಪ್ತ ಸಲಹೆಗೆ ಬಂದವರನ್ನು ನೋಡುವ ಮಡಿಕೇರಿಯ ನನ್ನ ಪುಟ್ಟ ಕೋಣೆಯಲ್ಲಿ ಅವರು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಬೆನ್ನು ನೆಟ್ಟಗೆ, ಎರಡೂ ಕೈ ಮಂಡಿ ಮೇಲೆ. ವಯಸ್ಸು 48. ಸೇನೆಯಲ್ಲಿ 28 ವರ್ಷ ಇದ್ದು ನಾಯಬ್ ಸುಬೇದಾರ್ ಆಗಿ ನಿವೃತ್ತರಾದವರು. ಊರಲ್ಲಿ ಎಲ್ಲರೂ ಸುಬೇದಾರರೇ ಅನ್ನುತ್ತಾರೆ. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ. ಇದನ್ನು ಬರೆಯಲು ಅವರ ಒಪ್ಪಿಗೆ ಇದೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಕೊಡಗು ಚಿಕ್ಕ ಜಿಲ್ಲೆ. ಮನೆಹೆಸರು ಹೇಳಿದರೆ ಸಾಕು, ಗೇಟಿನ ಬಣ್ಣದವರೆಗೆ ಗೊತ್ತಾಗಿಬಿಡುತ್ತದೆ.

ದೂರುಗಳನ್ನು ಒಂದು ಹಾಳೆಯಲ್ಲಿ ನಂಬರ್ ಹಾಕಿ ಬರೆದುಕೊಂಡು ಬಂದಿದ್ದರು. ರಾತ್ರಿ ಓದಿದ್ದು ಬೆಳಿಗ್ಗೆ ನೆನಪಿರುವುದಿಲ್ಲ. ಯಾವ ಗೊಬ್ಬರ ಯಾವ ತಿಂಗಳು ಅನ್ನುವುದು ಎಷ್ಟು ಸಲ ನೋಡಿದರೂ ತಲೆಯಲ್ಲಿ ಕೂರುವುದಿಲ್ಲ. ಬೆಳಗಿನ ಜಾವ ಮೂರಕ್ಕೆ ಎಚ್ಚರ, ಆಮೇಲೆ ನಿದ್ದೆ ಇಲ್ಲ. ತೋಟಕ್ಕೆ ಇಳಿಯಬೇಕು ಅಂದರೆ ಹೊಟ್ಟೆಯಲ್ಲಿ ಸಂಕಟ. ಕೊನೆಯ ಸಾಲಿನ ಕೆಳಗೆ ಗೆರೆ ಎಳೆದಿತ್ತು: "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?"

ಹೊರಗೆ ಬೆಂಚಿನ ಮೇಲೆ ಕೂತಿದ್ದ ಹೆಂಡತಿಯನ್ನು ಆಮೇಲೆ ಪ್ರತ್ಯೇಕವಾಗಿ ಕೇಳಿದೆ. ಅವರು ಒಂದೇ ಮಾತಿನಲ್ಲಿ ಹೇಳಿದರು: "ಇವ್ರು ಮರೆಯೋದಲ್ಲ ಮೇಡಂ, ಸಿಡುಕೋದು."

ಮರೆವಿನ ಭಯ ಹೊತ್ತು ಬಂದವರಿಗೆ ಸುಮ್ನೆ "ಏನೂ ಆಗಿಲ್ಲ" ಅನ್ನಬಾರದು. ಪರೀಕ್ಷೆ ಮಾಡಿಯೇ ಹೇಳಬೇಕು. ಐದು ಪದ ಹೇಳಿ, ಹತ್ತು ನಿಮಿಷ ಬೇರೆ ಮಾತಾಡಿ, ಮತ್ತೆ ಕೇಳಿದೆ. ಐದನ್ನೂ ಹೇಳಿದರು. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಅಂದೆ. ನನಗಿಂತ ಬೇಗ ಹೋದರು. ಆಮೇಲೆ ಸೇನೆಯಲ್ಲಿ ಏನು ಕೆಲಸ ಅಂತ ಕೇಳಿದೆ. ಕೊನೆಯ ವರ್ಷಗಳಲ್ಲಿ ತರಬೇತಿ ಕೇಂದ್ರದಲ್ಲಿ ಉಸ್ತಾದ್ ಆಗಿದ್ದರಂತೆ. ಹೊಸದಾಗಿ ಸೇರಿದ ಹುಡುಗರಿಗೆ, ಅಂದರೆ ಅವರ ಬಾಯಲ್ಲಿ ರಂಗರೂಟ್‌ಗಳಿಗೆ, ರೈಫಲ್ ಬಿಚ್ಚಿ ಜೋಡಿಸುವುದನ್ನು ಕಲಿಸುತ್ತಿದ್ದರು. ಖೋಲ್ನಾ, ಜೋಡ್ನಾ. "ಹೇಗೆ ಬಿಚ್ಚೋದು?" ಅಂದೆ. ಮಂಡಿ ಮೇಲಿದ್ದ ಕೈಗಳು ಎದ್ದವು. ಮೇಜಿನ ಮೇಲೆ ಇಲ್ಲದ ಇನ್ಸಾಸ್ ರೈಫಲನ್ನು ಅವರು ಒಂದೊಂದೇ ಭಾಗವಾಗಿ ಬಿಚ್ಚಿ, ಎಡದಿಂದ ಬಲಕ್ಕೆ ಸಾಲಾಗಿ ಇಟ್ಟು, ಮತ್ತೆ ಜೋಡಿಸಿದರು. ಒಂದು ಕಡೆಯೂ ತಡವರಿಸಲಿಲ್ಲ.

ಮರೆವು ಅಲ್ಲ ಅನ್ನುವುದು ನನಗೆ ಅಲ್ಲೇ ಖಾತ್ರಿಯಾಯಿತು. ಆದರೂ ಜಿಲ್ಲಾ ಆಸ್ಪತ್ರೆಗೆ ಕಳಿಸಿ ರಕ್ತದೊತ್ತಡ, ಥೈರಾಯ್ಡ್, ಬಿ12 ನೋಡಿಸಿದೆ. ಎಲ್ಲ ಸರಿ ಇತ್ತು. ಖಿನ್ನತೆ ಅಳೆಯಲು ಬಳಸುವ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ 27ಕ್ಕೆ 12 ಬಂತು. ಹತ್ತು ದಾಟಿದರೆ ನಾವು ಸುಮ್ಮನಿರುವುದಿಲ್ಲ.

ಹಿನ್ನೆಲೆ ಹೀಗಿದೆ. ತೋಟ ನೋಡಿಕೊಳ್ಳುತ್ತಿದ್ದವರು ಅಣ್ಣ. ಆರು ಎಕರೆ ರೊಬಸ್ಟಾ ಕಾಫಿ, ಮರಗಳಿಗೆ ಹಬ್ಬಿಸಿದ ಕರಿಮೆಣಸು, ಕೆಳಗೆ ಸ್ವಲ್ಪ ಗದ್ದೆ. ತಮ್ಮ ಸೇನೆಯಲ್ಲಿ, ಅಣ್ಣ ತೋಟದಲ್ಲಿ. ಇಲ್ಲಿ ಎಷ್ಟೋ ಮನೆಗಳಲ್ಲಿ ಇದೇ ಏರ್ಪಾಡು. ಹಿಂದಿನ ಜೂನ್‌ನಲ್ಲಿ, ಮಳೆ ಹಿಡಿದ ವಾರದಲ್ಲೇ, ಅಣ್ಣ ಹೃದಯಾಘಾತದಿಂದ ಹೋದರು. ಇವರು ಸೆಪ್ಟೆಂಬರ್‌ನಲ್ಲಿ ನಿವೃತ್ತಿಯಾಗಿ ಬಂದರು. ರಜೆಗೆ ಬಂದಾಗ ಇವರು ಕಂಡಿದ್ದ ತೋಟ ಅಂದರೆ ಸಂಜೆಯ ವಾಕಿಂಗು, ಕಣದಲ್ಲಿ ಒಣಗುವ ಕಾಫಿಯ ವಾಸನೆ, ಅಷ್ಟೇ. ಈಗ ಯಜಮಾನ.

ಫೆಬ್ರವರಿಯಲ್ಲಿ ಕೊಯ್ಲು ಮುಗಿಯಿತು. ಗಿಡಕಸಿ ಮಾಡಿಸಬೇಕಿತ್ತು. ಒಣ ರೆಂಬೆ, ಒಂದಕ್ಕೊಂದು ಸಿಕ್ಕಿಕೊಂಡ ಕೊಂಬೆ, ಕೆಲಸಕ್ಕೆ ಬಾರದ್ದನ್ನು ತೆಗೆಯುವ ಕೆಲಸ. ಸುಬೇದಾರರು ರಾತ್ರಿಯೆಲ್ಲಾ ಯೂಟ್ಯೂಬ್ ನೋಡಿದರು. ಬೆಳಿಗ್ಗೆ ಆಳುಗಳನ್ನು ಸಾಲಾಗಿ ನಿಲ್ಲಿಸಿ ಆರ್ಡರ್ ಕೊಟ್ಟರು. ಎಲ್ಲ ಗಿಡವೂ ಒಂದೇ ಎತ್ತರ, ಒಂದೇ ಅಗಲ ಇರಬೇಕು. ಮೂರು ದಿನದಲ್ಲಿ ಕೆಳಗಿನ ಬ್ಲಾಕಿನ ಮುನ್ನೂರು ಗಿಡ ಪರೇಡಿಗೆ ನಿಂತ ಹಾಗೆ ಆಯಿತು. ಯಾರೂ ಏನೂ ಹೇಳಲಿಲ್ಲ.

ರೊಬಸ್ಟಾ ಹೂ ಬಿಡುವುದು ಹಿಂದಿನ ಮಳೆಗಾಲದಲ್ಲಿ ಬೆಳೆದ ಅಡ್ಡ ಕೊಂಬೆಯ ಗಿಣ್ಣುಗಳಲ್ಲಿ. ಇದು ನನಗೆ ಗೊತ್ತಿರಲಿಲ್ಲ. ನಾನು ಮೈಸೂರಿನ ಕಡೆಯವಳು, ಕಾಫಿ ಕುಡಿಯಲು ಮಾತ್ರ ಬರುತ್ತದೆ. ಸುಬೇದಾರರಿಗೂ ಗೊತ್ತಿರಲಿಲ್ಲ. ಮಾರ್ಚ್ ಮಧ್ಯದಲ್ಲಿ ಹೂ ಮಳೆ, ಅಂದರೆ ಕಾಫಿಯ ಮೊಗ್ಗು ಅರಳಿಸುವ ಮಳೆ, ಬಿತ್ತು, ಒಂದು ಇಂಚಿನ ಮೇಲೆ. ಎಂಟು ಒಂಬತ್ತು ದಿನಕ್ಕೆ ಹೂವಾಯಿತು. ಬೆಳಿಗ್ಗೆ ಎದ್ದು ಹೊರಗೆ ಬಂದರೆ ಮೇಲಿನ ಬ್ಲಾಕು ಪೂರ್ತಿ ಬಿಳಿ. ಮಲ್ಲಿಗೆಯಂಥ ವಾಸನೆ, ಜೇನಿನ ಗುಂಯ್ ಸದ್ದು. ಕೆಳಗಿನ ಬ್ಲಾಕು ಹಸಿರು. ಅಲ್ಲಲ್ಲಿ ನಾಲ್ಕು ಹೂವು.

"ನಡುವಿನ ದಾರಿಯಲ್ಲಿ ನಿಂತಿದ್ದೆ ಮೇಡಂ. ಒಂದು ಕಡೆ ಅಣ್ಣ ಕಸಿ ಮಾಡಿಸ್ತಿದ್ದ ರೀತಿಯ ಗಿಡ. ಇನ್ನೊಂದು ಕಡೆ ನನ್ನದು."

ಅಲ್ಲೇ ಕೆಲಸ ಮಾಡುತ್ತಿದ್ದ, ತೋಟದ ಆಳುಗಳಿರುವ ಲೈನ್‌ಮನೆಯ ಹಿರಿಯ ಹೆಂಗಸನ್ನು ಕೂಗಿ ಕೇಳಿದರಂತೆ, "ಹೀಗಾಗುತ್ತೆ ಅಂತ ನಿನಗೆ ಗೊತ್ತಿತ್ತಾ?" ಅವರು ಅಂದರಂತೆ, "ಗೊತ್ತಿತ್ತು. ನೀವು ಕೇಳಲಿಲ್ಲ."

ಆ ರಾತ್ರಿಯಿಂದ ನಿದ್ದೆ ಪೂರ್ತಿ ಹೋಯಿತು. ಮೊದಲೇ ಎರಡು ಪೆಗ್ ಇತ್ತು, ಅದು ನಾಲ್ಕಾಯಿತು. "ಅಣ್ಣನ ಬದಲು ನಾನು ಹೋಗಬೇಕಿತ್ತು ಅನಿಸುತ್ತೆ" ಅಂದರು, ಹವಾಮಾನದ ವಿಷಯ ಹೇಳುವ ಹಾಗೆ.

ಇಂಥ ಮಾತು ಬಂದಾಗ ಸುತ್ತು ಬಳಸಬಾರದು. ಸಾಯಬೇಕು ಅನ್ನುವ ಯೋಚನೆ ಬರುತ್ತಾ, ಹೇಗೆ ಅಂತ ಯೋಚಿಸಿದ್ದೀರಾ ಅಂತ ನೇರವಾಗಿ ಕೇಳಿದೆ. ಯೋಜನೆ ಇರಲಿಲ್ಲ. ಎದ್ದೇಳದಿದ್ದರೆ ಸಾಕು ಅನ್ನುವಂಥ ಸುಸ್ತು ಅದು. ಕೊಡಗಿನಲ್ಲಿ ಇನ್ನೊಂದು ಪ್ರಶ್ನೆ ಕೇಳದೆ ನಾನು ಯಾರನ್ನೂ ಮನೆಗೆ ಕಳಿಸುವುದಿಲ್ಲ: ಮನೆಯಲ್ಲಿ ಕೋವಿ ಇದೆಯಾ, ಎಲ್ಲಿದೆ? ಕೊಡವರಿಗೂ, ಜಮ್ಮಾ ಅನ್ನುವ ವಂಶಪಾರಂಪರ್ಯದ ಜಮೀನು ಇರುವವರಿಗೂ ಇಲ್ಲಿ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ. ಬೇರೆ ಜಿಲ್ಲೆಯ ಸಲಹೆಗಾರರಿಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ. ಕೋವಿ ಮನೆಯ ಗೌರವ ಅನ್ನುವುದು ನನಗೆ ಗೊತ್ತು. ಅದಕ್ಕೇ ಅದನ್ನು ತೆಗೆದುಹಾಕಿ ಅನ್ನಲಿಲ್ಲ. ಸ್ವಲ್ಪ ದಿನ ದೊಡ್ಡಪ್ಪನ ಮಗನ ಮನೆಯಲ್ಲಿ ಇರಲಿ ಅಂದೆ. ಸುಬೇದಾರರು ನನ್ನನ್ನು ಒಂದು ನಿಮಿಷ ನೋಡಿದರು. "ಆಯುಧ ಜಮೆ ಮಾಡೋದು ನನಗೇನು ಹೊಸದಲ್ಲ" ಅಂದರು. ಅದೇ ಸಂಜೆ ಕೊಟ್ಟು ಬಂದರು. ಹೆಂಡತಿಯ ಫೋನಿನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಹಾಕಿಸಿದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು ನೋಡಿ, ಸದ್ಯಕ್ಕೆ ಮಾತ್ರೆ ಬೇಡ, ತಿಂಗಳಿಗೊಮ್ಮೆ ಬರಲಿ ಅಂದರು. ಕುಡಿತದ ಬಗ್ಗೆ ಅವರು ಹೇಳಿದ್ದನ್ನೇ ನಾನೂ ಹೇಳಿದೆ: ಪೆಗ್ ಹಾಕಿದರೆ ಬೇಗ ನಿದ್ದೆ ಬಂದಂತೆ ಅನಿಸುತ್ತದೆ, ಮೂರು ಗಂಟೆಗೆ ಎಬ್ಬಿಸುವುದೂ ಅದೇ.

ಇನ್ನು ನನ್ನ ತಪ್ಪಿನ ವಿಷಯ.

ಎರಡನೇ ಭೇಟಿಯಲ್ಲಿ ನಾನು ಅವರಿಗೆ ಒಂದು ಪಾಠಪಟ್ಟಿ ಮಾಡಿಕೊಟ್ಟೆ. ಹತ್ತು ವಾರ, ಹತ್ತು ವಿಷಯ. ಮಣ್ಣು, ಗೊಬ್ಬರ, ನೆರಳು, ಕಾಂಡಕೊರಕ ಹೀಗೆ. ಶಿಸ್ತಿನ ಮನುಷ್ಯ, ಶಿಸ್ತಾಗಿ ಕಲಿಯಲಿ ಅಂತ. ಸುಬೇದಾರರು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೆ ಹೋದರು. 1946ರಿಂದ ಇರುವ ಜಾಗ, ಬೆಳೆಗಾರರಿಗೆ ಬೇಕಾದ್ದೆಲ್ಲ ಹೇಳಿಕೊಡುತ್ತಾರೆ. ಮಣ್ಣಿನ ಪರೀಕ್ಷೆಗೆ ಕೊಟ್ಟರು. ಪುಸ್ತಕ ತಂದರು. ಎರಡು ನೋಟ್‌ಬುಕ್ ತುಂಬಿಸಿದರು, ಕೆಂಪು ಮಸಿಯಲ್ಲಿ ಹೆಡಿಂಗ್ ಹಾಕಿ. ಮೂರು ವಾರದ ಮೇಲೆ ಮತ್ತೆ ಆ ಒಂಬತ್ತು ಪ್ರಶ್ನೆ ಕೇಳಿದೆ. 12 ಇದ್ದದ್ದು 13.

ತಪ್ಪು ನನಗೆ ಆಗ ಹೊಳೆಯಿತು. ಅವರಿಗೆ ಮಾಹಿತಿಯ ಕೊರತೆ ಇರಲಿಲ್ಲ. ಚೆಟ್ಟಳ್ಳಿಯಲ್ಲಿ ಕಲಿತದ್ದು ತಪ್ಪೂ ಅಲ್ಲ. ಆದರೆ ಗೊತ್ತಿಲ್ಲ ಅನ್ನುವುದು ಆಳುಗಳ ಎದುರು ಕಾಣದಿರಲಿ ಅಂತ ಅವರು ಕದ್ದು ಓದುತ್ತಿದ್ದರು. ನಾನು ಅದಕ್ಕೇ ಇನ್ನಷ್ಟು ಕಾಗದ ಒದಗಿಸಿಕೊಟ್ಟೆ. ಓದಿ ಬಂದು ತೋಟದಲ್ಲಿ ನಿಂತರೆ ಪುಸ್ತಕದ ಗಿಡವೂ ಎದುರಿನ ಗಿಡವೂ ಒಂದೇ ಥರ ಇರುವುದಿಲ್ಲ. ಕೇಳೋಣ ಅಂದರೆ ಮಾನ ಹೋಗುತ್ತದೆ. ಮತ್ತೆ ರಾತ್ರಿ ಓದು.

ಮುಂದಿನ ಭೇಟಿಯಲ್ಲಿ ನೋಟ್‌ಬುಕ್ ಪಕ್ಕಕ್ಕಿಡಿಸಿ, ಅವರ ಹಳೇ ಕೆಲಸದ ಮಾತೆತ್ತಿದೆ.

"ರಂಗರೂಟ್ ಮೊದಲ ದಿನವೇ ರೈಫಲ್ ಸರಿಯಾಗಿ ಜೋಡಿಸ್ತಿದ್ನಾ?"

"ಒಬ್ಬನೂ ಇಲ್ಲ."

"ತಪ್ಪಿದ್ರೆ ಏನ್ಮಾಡ್ತಿದ್ರಿ?"

"ಬೈತಿದ್ದೆ. ಮತ್ತೆ ಮಾಡಿಸ್ತಿದ್ದೆ."

"ಎಷ್ಟು ಸಲ?"

"ಬರೋವರೆಗೆ."

"ಅವರಿಗೆಲ್ಲ ಮರೆವಿನ ಕಾಯಿಲೆ ಇತ್ತಾ?"

ನಕ್ಕರು. ಮೊದಲ ಸಲ ನಕ್ಕಿದ್ದು. ಆಮೇಲೆ ತಾವಾಗಿಯೇ ಹೇಳಿದರು, ತಪ್ಪು ಮಾಡುವ ಹುಡುಗನ ಬಗ್ಗೆ ಉಸ್ತಾದನಿಗೆ ಚಿಂತೆ ಇರುವುದಿಲ್ಲವಂತೆ. ಏನು ಹೇಳಿದರೂ "ಸಮಜ್ ಗಯಾ ಸಾಬ್" ಅನ್ನುವ ಹುಡುಗನೇ ಅಪಾಯ. ಫೈರಿಂಗ್ ರೇಂಜಿನಲ್ಲಿ ಅವನ ಪಕ್ಕದಲ್ಲೇ ತಾನು ನಿಲ್ಲುತ್ತಿದ್ದೆ ಅಂದರು.

ನಾನು ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು. "ತೋಟದಲ್ಲಿ ಆ ಹುಡುಗ ಯಾರು?" ಅಂತ ಕೇಳಿಬಿಟ್ಟೆ. ಮುಖ ಬಿಗಿಯಿತು. ಎದ್ದು, ನಮಸ್ಕಾರ ಹೇಳಿ ಹೋದರು. ಮುಂದಿನ ವಾರ ಬರಲಿಲ್ಲ. ಜಾಣತನದ ಪ್ರಶ್ನೆ ಕೇಳುವ ಚಪಲ ನಮ್ಮ ವೃತ್ತಿಯವರಿಗೆ ಸ್ವಲ್ಪ ಜಾಸ್ತಿ. ಎದುರಿನವರು ಉತ್ತರದ ಹತ್ತಿರ ಬಂದಿರುತ್ತಾರೆ, ನಾವು ಕೈ ಹಿಡಿದು ಎಳೆಯಲು ಹೋಗಿ ಬೀಳಿಸುತ್ತೇವೆ. ಫೋನ್ ಮಾಡಿ, ಆ ಪ್ರಶ್ನೆ ನಾನು ಕೇಳಬಾರದಿತ್ತು ಅಂದೆ. "ಪ್ರಶ್ನೆ ಸರಿ ಇತ್ತು ಮೇಡಂ. ಟೈಮಿಂಗ್ ಸರಿ ಇರಲಿಲ್ಲ" ಅಂದರು. ಆ ಶನಿವಾರ ಬಂದರು.

ಬಂದವರೇ ಕೇಳಿದರು, "ಹಾಗಾದ್ರೆ ಇಲ್ಲಿ ನನ್ನ ಉಸ್ತಾದ್ ಯಾರು?"

ಉತ್ತರ ಇಬ್ಬರಿಗೂ ಗೊತ್ತಿತ್ತು. "ನೀವು ಕೇಳಲಿಲ್ಲ" ಅಂದಿದ್ದ ಆ ಹಿರಿಯ ಹೆಂಗಸು. ವಯಸ್ಸು ಅರವತ್ತೈದರ ಹತ್ತಿರ. ಸುಬೇದಾರರ ತಂದೆಯ ಕಾಲದಿಂದ ಅದೇ ತೋಟ. ಅಣ್ಣ ಕಸಿಯ ವಿಷಯದಲ್ಲಿ ಕೊನೆಯ ಮಾತು ಕೇಳುತ್ತಿದ್ದದ್ದು ಅವರನ್ನೇ.

ಇಲ್ಲಿ ಜಾತಿಯ ಮಾತು ಬರುತ್ತದೆ, ಮುಚ್ಚಿಟ್ಟು ಬರೆದರೆ ಈ ಪ್ರಕರಣ ಅರ್ಥವಾಗುವುದಿಲ್ಲ. ಆಕೆ ಎರವ ಸಮುದಾಯದವರು. ತಲೆಮಾರುಗಳ ಕಾಲ ಜೀತಕ್ಕೆ ಬಿದ್ದು ಬೇರೆಯವರ ಗದ್ದೆ, ತೋಟ ಬೆಳೆಸಿದ ಜನ. ಜೀತ ನಿಷೇಧದ ಕಾನೂನು ಬಂದದ್ದು 1976ರಲ್ಲಿ, ಆಗ ಆಕೆ ಹುಡುಗಿ. ಸುಬೇದಾರರು ಸೇನೆಯಲ್ಲಿ ಎಲ್ಲ ಜಾತಿಯವರ ಜೊತೆ ಒಂದೇ ತಟ್ಟೆಯಲ್ಲಿ ಉಂಡವರು, ನನಗೆ ಅದೆಲ್ಲ ಇಲ್ಲ ಅನ್ನುತ್ತಾರೆ. ಉಂಡದ್ದು ನಿಜವೇ. ಆದರೆ ಆಕೆಯನ್ನು ಚಿಕ್ಕಂದಿನಿಂದ ಹೆಸರು ಹಿಡಿದು, ಏಕವಚನದಲ್ಲಿ ಕೂಗಿ ಅಭ್ಯಾಸ. ಈಗ ಅವರ ಹಿಂದೆ ನಿಂತು ಕಲಿಯಬೇಕು, ಅದೂ ಉಳಿದ ಆಳುಗಳು ನೋಡುತ್ತಿರುವಾಗ.

ನನಗಿದ್ದ ಆತಂಕ ಬೇರೆ. ಯಜಮಾನ "ನನಗೆ ಕಲಿಸು" ಅಂದರೆ ಲೈನ್‌ಮನೆಯಲ್ಲಿ ಇರುವವರು ಇಲ್ಲ ಅನ್ನಲು ಆಗುತ್ತದಾ? ಕಲಿಸುವುದು ತಪ್ಪಾದರೆ ಬೈಗುಳ ಯಾರಿಗೆ? ಅದಕ್ಕೇ ಈ ಸಲದ ಸಲಹೆ ಕೊಡುವಾಗ ಮೊದಲು ಆಕೆಯ ಕಡೆಯಿಂದ ಯೋಚಿಸಿದೆವು. ಸುಬೇದಾರರು ಒಬ್ಬರೇ ಹೋಗಿ, ಹಿಂದಿನ ಕಸಿ ಹಾಳಾದದ್ದು ತನ್ನಿಂದ ಅಂತ ಆಕೆಗೆ ಹೇಳಬೇಕು. ಕಲಿಸಲು ಇಷ್ಟವಿಲ್ಲ ಅಂದರೆ ಅಲ್ಲಿಗೆ ಬಿಡಬೇಕು, ಕೆಲಸಕ್ಕೂ ಕೂಲಿಗೂ ಏನೂ ವ್ಯತ್ಯಾಸ ಆಗಬಾರದು. ಒಪ್ಪಿದರೆ ಆ ಹೊತ್ತಿಗೆ ಮೇಸ್ತ್ರಿಯ ಕೂಲಿ, ಆಳಿನ ಕೂಲಿಯಲ್ಲ.

ಅವರ ಪಾಲಿಗೆ ಹೇಳಿದ್ದು ಇಷ್ಟು. ದಿನಕ್ಕೆ ಒಂದು ಗಂಟೆ, ಎಂಟರಿಂದ ಒಂಬತ್ತು. ಆ ಒಂದು ಗಂಟೆ ಆರ್ಡರ್ ಕೊಡುವಂತಿಲ್ಲ. ಕತ್ತರಿ ಕೈಯಲ್ಲಿ ಇರಬೇಕು, ಫೋನ್ ಮನೆಯಲ್ಲಿ. ದಿನಕ್ಕೆ ಒಂದೇ ಒಂದು ಪ್ರಶ್ನೆ. ಉತ್ತರ ಬಂದ ಮೇಲೆ "ಗೊತ್ತಾಯ್ತು" ಅನ್ನಬಾರದು, ಮಾಡಿ ತೋರಿಸಿ "ಹೀಗಾ?" ಅನ್ನಬೇಕು. ರಾತ್ರಿ ಓದು ಬಂದ್. ಮರುದಿನ ಬೆಳಿಗ್ಗೆ, ಹೊಸದು ಕೇಳುವ ಮೊದಲು, ನಿನ್ನೆಯದನ್ನು ನೋಡದೆ ಹೇಳಬೇಕು.

ಕೊನೆಯದಕ್ಕೆ ಅವರು ತಕರಾರು ತೆಗೆದರು. "ಮರೆತಿರ್ತೀನಿ."

ಮರೆತಿರುತ್ತೀರಿ, ಅಂದೆ. ಎಬ್ಬಿಂಗ್‌ಹೌಸ್ ಅನ್ನುವ ಜರ್ಮನಿಯವರ ಕತೆ ಹೇಳಿದೆ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ತನ್ನ ಮೇಲೇ ಲೆಕ್ಕ ಹಾಕಿ 1885ರಲ್ಲಿ ಪ್ರಕಟಿಸಿದವರು. ಅವರು ಕಂಡದ್ದು, ಮರೆವು ಜಾಸ್ತಿ ಆಗುವುದು ಮೊದಲ ಕೆಲವು ಗಂಟೆಗಳಲ್ಲೇ. ಮತ್ತೆ ಮತ್ತೆ ಕಲಿತರೆ ಅದು ನಿಧಾನವಾಗುತ್ತದೆ. ಆ ಪ್ರಯೋಗ ಮಾಡುವಾಗ ಅವರಿಗೆ ವಯಸ್ಸು ಮೂವತ್ತರ ಆಸುಪಾಸು, ಮುದುಕರೇನಲ್ಲ. ಸುಬೇದಾರರು ಅದನ್ನು ನೋಟ್‌ಬುಕ್ಕಿನಲ್ಲಿ ಬರೆಯಲು ಹೋದರು. ಬೇಡ ಅಂದೆ.

ಅವರು ಗೆರೆ ಎಳೆದು ತಂದಿದ್ದ ಗಾದೆಯ ಬಗ್ಗೆಯೂ ಒಂದು ಮಾತು. ಆ ಗಾದೆ ನನಗೆ ಹಿಡಿಸುವುದಿಲ್ಲ. ಅದರಲ್ಲೂ ಕಾಫಿ ಬೆಳೆಯುವವರ ಬಾಯಲ್ಲಿ ಬರಬಾರದು. ಮುದಿಯಾದ ಕಾಫಿ ಗಿಡವನ್ನು ಮೊಣಕಾಲೆತ್ತರಕ್ಕೆ ಕಡಿದು, ಆ ಬೊಡ್ಡೆಯಿಂದಲೇ ಹೊಸ ಚಿಗುರು ಎಬ್ಬಿಸಿ, ಮತ್ತೆ ಫಸಲಿಗೆ ತರುವುದು ಬೆಳೆಗಾರರ ರೂಢಿಯೇ ಅಲ್ವಾ? ಇದನ್ನು ನಾನು ಕಲಿತದ್ದು ಆಮೇಲೆ, ಸುಬೇದಾರರಿಂದಲೇ.

ಮೊದಲ ದಿನಗಳು ಕಷ್ಟವಾಗಿದ್ದವು. ಆಕೆ ಒಪ್ಪಿದ್ದರು, ಆದರೆ ಮಾತೇ ಆಡುತ್ತಿರಲಿಲ್ಲವಂತೆ. ಇವರು ತಪ್ಪು ಕೊಂಬೆಗೆ ಕೈ ಹಾಕಿದರೆ ಸುಮ್ಮನೆ ನೋಡುತ್ತಿದ್ದರು. ನಾಲ್ಕನೇ ದಿನ ಇವರು ಕತ್ತರಿ ಕೆಳಗಿಟ್ಟು, "ನಾನು ಬೈಯಲ್ಲ, ಹೇಳು" ಅಂದರಂತೆ. ಐದನೇ ದಿನ ಆಕೆ ಇವರ ಮಣಿಕಟ್ಟು ಹಿಡಿದು ಪಕ್ಕದ ಕೊಂಬೆಗೆ ಸರಿಸಿದರು. ಅದನ್ನು ನನಗೆ ಹೇಳುವಾಗ ಸುಬೇದಾರರು ತಮ್ಮದೇ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದು ತೋರಿಸಿದರು.

ಮೇ ತಿಂಗಳು ಚಿಗುರು ತೆಗೆಯುವ ಕೆಲಸ. ಕಸಿ ಮಾಡಿದ ಗಿಡದಲ್ಲಿ, ಅದರಲ್ಲೂ ಇವರು ಬೋಳು ಮಾಡಿದ ಕೆಳಗಿನ ಬ್ಲಾಕಿನಲ್ಲಿ, ಕಂಬಚಿಗುರು ನೆಟ್ಟಗೆ ಏಳುತ್ತದೆ. ಹೆಚ್ಚಿನದನ್ನು ಕೈಯಲ್ಲೇ ಮುರಿದು ಹಾಕಬೇಕು. ಅಡ್ಡಕ್ಕೆ ಬರುವ ಒಳ್ಳೆಯದನ್ನು ಉಳಿಸಬೇಕು, ಮುಂದಿನ ವರ್ಷದ ಹೂವು ಅದರಲ್ಲೇ. ಯಾವುದನ್ನು ಉಳಿಸುವುದು ಅನ್ನುವುದಕ್ಕೆ ಪುಸ್ತಕದಲ್ಲಿ ಚಿತ್ರ ಇದೆ. ಆದರೆ ಆಕೆ ಗಿಡವನ್ನು ನೋಡುವ ಮೊದಲು ತಲೆ ಎತ್ತಿ ಮೇಲೆ ನೋಡುತ್ತಾರಂತೆ. ಯಾಕೆ ಅಂತ ಇವರು ಕೇಳಿದರು, ಅದು ಆ ದಿನದ ಪ್ರಶ್ನೆ. ನೆರಳಿನ ಮರದ ಸಂದಿಯಿಂದ ಬಿಸಿಲು ಎಲ್ಲಿ ಬೀಳುತ್ತದೆ ಅಂತ ನೋಡಿ, ಆ ಕಡೆಯ ಚಿಗುರು ಉಳಿಸುವುದು.

"ಮೂರು ತಿಂಗಳು ವಿಡಿಯೋ ನೋಡಿದೆ ಮೇಡಂ. ಯಾರೂ ಮೇಲೆ ನೋಡಿರಲಿಲ್ಲ. ಅವರು ಹೇಳೋದು ಏನಂದ್ರೆ..."

ಅವರು. ಅಲ್ಲಿಯವರೆಗೆ ನನ್ನ ಕೋಣೆಯಲ್ಲಿ ಆಕೆ "ಅವಳು" ಆಗಿದ್ದರು. ಸುಬೇದಾರರಿಗೆ ತಾನು ಹಾಗಂದದ್ದು ಗೊತ್ತೇ ಆಗಲಿಲ್ಲ. ನಾನೂ ಏನೂ ಹೇಳಲಿಲ್ಲ, ನನ್ನ ಟಿಪ್ಪಣಿಯಲ್ಲಿ ಆ ಒಂದು ಪದ ಬರೆದು ಸುತ್ತ ಗೆರೆ ಹಾಕಿದೆ. ಒಂಬತ್ತು ಪ್ರಶ್ನೆಗಳ ಅಂಕ ಆ ದಿನ 8.

ಅಣ್ಣನ ವಿಷಯ ಬಂದದ್ದು ಜೂನ್‌ನಲ್ಲಿ, ಮಳೆಯ ಜೊತೆಗೆ. ಕೊಡಗಿನ ಬೆಳೆಗಾರರು ಮಳೆಯನ್ನು ಈಗಲೂ ಇಂಚು, ಸೆಂಟಿನಲ್ಲೇ ಅಳೆಯುತ್ತಾರೆ, ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್. ಅಣ್ಣನೂ ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಒಂದು ಉದ್ದನೆಯ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಇಪ್ಪತ್ತೆರಡು ವರ್ಷದ ಲೆಕ್ಕ. ಸುಬೇದಾರರು ಅದನ್ನು ತೆರೆದೇ ಇರಲಿಲ್ಲ. ತೆರೆಯಿರಿ ಅಂತ ನಾನೂ ಹೇಳಿರಲಿಲ್ಲ. ಅಣ್ಣ ಹೋದ ದಿನ ಬಂತು, ವರ್ಷದ ಕಾರ್ಯ ಆಯಿತು, ಮರುದಿನ ಬೆಳಿಗ್ಗೆ ಅವರೇ ಹೋಗಿ ಮಾಪಕದ ನೀರು ಅಳೆದರು. ಪುಸ್ತಕ ತೆಗೆದರೆ ಕೊನೆಯ ಸಾಲು, 2 ಇಂಚು 35 ಸೆಂಟ್. ಅದರ ಕೆಳಗೆ ಖಾಲಿ.

ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ನನಗೆ ತೋರಿಸಲು ತಂದಿದ್ದರು. ಹನ್ನೆರಡು ತಿಂಗಳಿಗೆ ಎಷ್ಟು ಹಾಳೆ ಬೇಕೋ ಅಷ್ಟು ಖಾಲಿ ಬಿಟ್ಟು, ಮುಂದಿನ ಹಾಳೆಯಿಂದ ತಮ್ಮ ಅಕ್ಷರದಲ್ಲಿ ಶುರು ಮಾಡಿದ್ದರು. "ಇವನ್ನು ಖಾಲಿ ಬಿಟ್ಟೆ ಮೇಡಂ. ಆ ಮಳೆ ನಾನು ಅಳೆದಿಲ್ಲ." ಆಮೇಲೆ ಅತ್ತರು. ತುಂಬಾ ಹೊತ್ತು. ನಾನು ಕಿಟಕಿ ಹಾಕಲು ಎದ್ದೆ, ಇರಚಲು ಹೊಡೆಯುತ್ತಿತ್ತು. ಆ ದಿನ ಬೇರೇನೂ ಮಾತಾಡಲಿಲ್ಲ. ದುಃಖಕ್ಕೆ ನಾನು ಯಾವ ಪಟ್ಟಿಯನ್ನೂ ಕೊಡಲಿಲ್ಲ. ಪುಸ್ತಕದ ಖಾಲಿ ಹಾಳೆಗಳೇ ಸಾಕಿದ್ದವು.

ಮಳೆಗಾಲದಲ್ಲಿ ಭೇಟಿ ಎರಡು ವಾರಕ್ಕೊಮ್ಮೆ ಮಾಡಿದೆವು. ಹೆಂಡತಿಗೆ ನಾನು ಹೇಳಿದ್ದು ಒಂದೇ, ಆ ಬೆಳಗಿನ ಒಂದು ಗಂಟೆಯನ್ನು ತಮಾಷೆ ಮಾಡಬೇಡಿ, ಹೊಗಳಲೂ ಬೇಡಿ. ಅವರಿಗೂ ಅವರದೇ ಕಷ್ಟ ಇತ್ತು. 20 ವರ್ಷ ಒಬ್ಬರೇ ನಡೆಸಿದ ಮನೆಯಲ್ಲಿ ಈಗ ಅಡುಗೆಮನೆ ಡಬ್ಬಗಳಿಗೂ ಲೇಬಲ್ ಬಂದಿತ್ತು. ಅದು ಬೇರೆಯೇ ಕತೆ.

ಸೆಪ್ಟೆಂಬರ್‌ನ ಕೈಲ್ ಪೊಳ್ದ್, ಕೊಡವರ ಆಯುಧಪೂಜೆಯ ಹಬ್ಬ, ಹತ್ತಿರ ಬಂದಾಗ ಕೋವಿಯ ಪ್ರಶ್ನೆ ಮತ್ತೆ ಎದ್ದಿತು. ಆಯುಧಪೂಜೆಯ ದಿನ ಕೋವಿ ಇನ್ನೊಬ್ಬರ ಮನೆಯಲ್ಲಿ ಇರುವುದು ಹೇಗೆ? ಸುಮ್ನೆ ಹೂಂ ಅನ್ನುವುದು ನನಗೆ ಸುಲಭವಿತ್ತು. ಅನ್ನಲಿಲ್ಲ. ಅಂಕ 4ಕ್ಕೆ ಇಳಿದಿತ್ತು, ಸಾವಿನ ಯೋಚನೆ ಮೂರು ತಿಂಗಳಿಂದ ಇರಲಿಲ್ಲ, ಕುಡಿತ ಶನಿವಾರಕ್ಕೆ ಬಂದು ನಿಂತಿತ್ತು. ಮನೋವೈದ್ಯರನ್ನೂ ಕೇಳಿ, ಹೆಂಡತಿಯ ಜೊತೆಗೂ ಮಾತಾಡಿ, ಪೂಜೆಗೆ ತನ್ನಿ, ಆದರೆ ಬೀಗ ಹಾಕಿದ ಕಪಾಟಿನ ಕೀ ಹೆಂಡತಿಯ ಹತ್ತಿರ, ಕೋವಿಯ ಗುಂಡುಗಳು ಇನ್ನೂ ಸ್ವಲ್ಪ ದಿನ ದಾಯಾದಿಯ ಮನೆಯಲ್ಲೇ ಅಂತ ತೀರ್ಮಾನಿಸಿದೆವು. ಹಬ್ಬ ಮುಗಿಸಿ ಬಂದವರು ಹೇಳಿದರು, "ಕೋವಿಗೆ ತೋಕ್ ಪೂ ಇಟ್ಟ ಮೇಲೆ ಒಂದು ಹೂವು ಉಳೀತು. ಕಸಿ ಕತ್ತರಿಗೂ ಇಟ್ಟೆ."

ನವೆಂಬರ್‌ನಲ್ಲಿ ಒಂದು ಸಲ ಜಾರಿದರು. ಕೊಯ್ಲಿಗೆ ಆಳು ಸಿಗದ ವಾರದಲ್ಲಿ ತೋಟದ ಲೆಕ್ಕ ಬರೆಯುವ ರೈಟರ್ ಮೇಲೆ ಎಲ್ಲರೆದುರು ಕೂಗಾಡಿ, ಎರಡು ದಿನ ತೋಟಕ್ಕೆ ಇಳಿಯಲಿಲ್ಲ. ಮೂರನೇ ದಿನ ತಾವೇ ಹೋಗಿ ಮಾತಾಡಿಸಿದರು. ನನಗೆ ಅದು ಗೊತ್ತಾದದ್ದು ತಿಂಗಳ ನಂತರ, ಹಳೇ ಸುದ್ದಿಯಾಗಿ.

ಫೆಬ್ರವರಿಯಲ್ಲಿ ಮತ್ತೆ ಗಿಡಕಸಿ. ಈ ಸಲ ಆರ್ಡರ್ ಕೊಟ್ಟದ್ದು ಆಕೆ. ಸುಬೇದಾರರು ಸಾಲಿನ ಕೊನೆಯ ಗಿಡಗಳನ್ನು ತೆಗೆದುಕೊಂಡರು, ಆಕೆ ಹಿಂದಿನಿಂದ ಬಂದು ನೋಡುತ್ತಿದ್ದರು. ದಿನಕ್ಕೆ ಉಳಿದವರು ಮಾಡಿದ್ದರಲ್ಲಿ ಅರ್ಧದಷ್ಟೂ ಆಗುತ್ತಿರಲಿಲ್ಲ ಅಂದರು. ಅದನ್ನು ಹೇಳುವಾಗ ಅವರ ಬೆನ್ನು ಕುರ್ಚಿಗೆ ಒರಗಿತ್ತು. ಅದೇ ನಮ್ಮ ಕೊನೆಯ ಭೇಟಿ.

ಮಾರ್ಚ್‌ನಲ್ಲಿ ಒಂದು ದಿನ ಬೆಳಿಗ್ಗೆ ಎಂಟೂವರೆಗೆ ಫೋನಿಗೆ ಒಂದು ಮೆಸೇಜ್ ಬಂತು. "1 ಇಂಚು 5 ಸೆಂಟ್." ಅಷ್ಟೇ. ನಾನು ಕೇಳಿದೆ, "ಹೂವಿಗೆ ಇಷ್ಟು ಸಾಕಾ?"

ಅರ್ಧ ಗಂಟೆ ಉತ್ತರ ಇಲ್ಲ. ಆಮೇಲೆ ಬಂತು: "ಅಕ್ಕನ್ನ ಕೇಳಿಕೊಂಡು ಬಂದೆ. ಸಾಕಂತೆ."